ಡ್ಯಾಶ್‌ಬೋರ್ಡ್, ಕಪ್ಪು ಪ್ಲಾಸ್ಟಿಕ್, ಟೈರ್: ಕಡಿಮೆ ದುಡ್ಡಿಗೆ ಯಾವ ಪಾಲಿಶ್ ತಗೋಬೇಕು?

ಪ್ರಶ್ನೆ: ನಮ್ಮದು 2018ರ ರೆನೋ ಕ್ವಿಡ್. ಊರು ರಾಯಚೂರು. ಗಾಡಿ ಯಾವಾಗಲೂ ಮನೆ ಮುಂದೆ ಬಿಸಿಲಲ್ಲೇ ನಿಲ್ಲುತ್ತದೆ, ನೆರಳಿಲ್ಲ. ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ ಬೂದಿ ಬಣ್ಣಕ್ಕೆ ತಿರುಗಿದೆ. ಟೈರ್ ಕಂದಾಗಿದೆ, ಡ್ಯಾಶ್‌ಬೋರ್ಡ್ ಮಂಕಾಗಿದೆ. ವಾಟರ್ ಸರ್ವಿಸ್‌ನಲ್ಲಿ ಪಾಲಿಶ್ ಹಾಕಿಸಿದರೆ ಒಂದು ದಿನ ಫಳಫಳ ಅನ್ನುತ್ತದೆ. ಮಾರನೇ ದಿನ ಅದರ ಮೇಲೆ ಧೂಳು ಮೆತ್ತಿಕೊಂಡಿರುತ್ತದೆ, ಬಾಗಿಲ ಮೇಲೆಲ್ಲ ಎಣ್ಣೆ ಹನಿ. ಅಂಗಡಿಯಲ್ಲಿ 150 ರೂಪಾಯಿಯಿಂದ 1,500 ರೂಪಾಯಿವರೆಗೂ ಬಾಟಲಿಗಳಿವೆ. ಒಂದೇ ಬಾಟಲಿಯಲ್ಲಿ ಮೂರೂ ಕೆಲಸ ಆಗುತ್ತಾ? ನಮ್ಮ ಮಾವ ಕೊಬ್ಬರಿ ಎಣ್ಣೆ ಸಾಕು ಅಂತಾರೆ. ಲಾರಿ ಓಡಿಸುವ ಗೆಳೆಯ ಡೀಸೆಲ್ ಹಚ್ಚು ಅಂತಾನೆ.

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ, ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಅಷ್ಟೇ ಸಾಕು. ಡ್ಯಾಶ್‌ಬೋರ್ಡಿಗೂ ಟೈರಿಗೂ ಒಂದೇ ಬಾಟಲಿ ನಡೆಯುತ್ತದೆ, ಅದು ನೀರು ಬೆರೆತ, ನೋಡಲು ಹಾಲಿನ ಬಣ್ಣದ ಡ್ರೆಸ್ಸಿಂಗ್ (ಅಂದರೆ ಹಚ್ಚುವ ಪಾಲಿಶ್) ಆಗಿರಬೇಕು. ಮಧ್ಯಮ ಬೆಲೆಯದ್ದೇ ಸಾಕು. ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ಕಿಗೂ ಅದನ್ನೇ ಹಚ್ಚಬಹುದು, ಆದರೆ ರಾಯಚೂರಿನ ಬಿಸಿಲಿಗೆ ಅಲ್ಲಿ ಜಾಸ್ತಿ ದಿನ ನಿಲ್ಲಲ್ಲ. ದುಡ್ಡು ಸ್ವಲ್ಪ ಹೆಚ್ಚು ಹಾಕುವುದಿದ್ದರೆ ಆ ಪ್ಲಾಸ್ಟಿಕ್ಕಿಗೆ ಮಾತ್ರ ಹಾಕಿ. ಕೊಬ್ಬರಿ ಎಣ್ಣೆ ತಲೆಗೆ ಇರಲಿ. ಡೀಸೆಲ್ಲಂತೂ ನಿಮ್ಮ ಗಾಡಿಯ ಹತ್ತಿರವೇ ಬೇಡ, ಕ್ವಿಡ್ ಪೆಟ್ರೋಲ್ ಗಾಡಿ.

ಇನ್ನು ಯಾಕೆ ಅಂತ ನೋಡೋಣ.

ಅಂಗಡಿಯಲ್ಲಿ ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್, ಟೈರ್ ಶೈನ್, ಬಂಪರ್ ಬ್ಲ್ಯಾಕ್ ಅಂತ ಎಷ್ಟು ಹೆಸರಿದ್ದರೂ ಒಳಗಿರುವ ಸರಕು ಹೆಚ್ಚುಕಡಿಮೆ ಎರಡೇ ಜಾತಿ. ಮಿಂಚು ಕೊಡುವುದು ಬಹುತೇಕ ಎಲ್ಲದರಲ್ಲೂ ಸಿಲಿಕೋನ್ ಎಣ್ಣೆ. ಆ ಎಣ್ಣೆಯನ್ನು ಯಾವುದರಲ್ಲಿ ಕಲಸಿದ್ದಾರೆ ಅನ್ನುವುದರಲ್ಲಿ ವ್ಯತ್ಯಾಸ ಇದೆ. ಒಂದು ಜಾತಿಯಲ್ಲಿ ಅದು ನೀರಿನೊಳಗೆ ಸಣ್ಣ ಸಣ್ಣ ಹನಿಯಾಗಿ ಹರಡಿರುತ್ತದೆ, ಹಾಲಿನಲ್ಲಿ ಬೆಣ್ಣೆ ಇರುವ ಹಾಗೆ, ಬಣ್ಣವೂ ಅದಕ್ಕೇ ಬಿಳಿ. ಇನ್ನೊಂದರಲ್ಲಿ ಪೆಟ್ರೋಲಿಯಂ ದ್ರಾವಕದಲ್ಲಿ ಕರಗಿಸಿರುತ್ತಾರೆ. ಅದು ನೀರಿನ ಥರ ತಿಳಿಯಾಗಿರುತ್ತದೆ, ಅಥವಾ ಜೇನಿನ ಹಾಗೆ ಮಂದ. ಮುಚ್ಚಳ ತೆಗೆದರೆ ಸೀಮೆಎಣ್ಣೆ ಅಥವಾ ಪೇಂಟ್ ಥಿನ್ನರ್ ವಾಸನೆ ಬರುತ್ತದೆ, ಬಾಟಲಿ ಮೇಲೆ ಬೆಂಕಿಯ ಗುರುತು ಇರುತ್ತದೆ.

ಲೇಬಲ್ ಮೇಲೆ ನಂಬಿಕೆ ಇಲ್ಲದಿದ್ದರೆ ಮನೆಯಲ್ಲೇ ನೋಡಬಹುದು. ಒಂದು ಗಾಜಿನ ಲೋಟದಲ್ಲಿ ಅರ್ಧ ನೀರು ಹಾಕಿ, ಬಾಟಲಿಯನ್ನು ಚೆನ್ನಾಗಿ ಕುಲುಕಿ ನಾಲ್ಕು ಹನಿ ಬಿಡಿ. ನೀರು ಬೆರೆತ ಮಾಲಾದರೆ ಬಿಳಿ ಹೊಗೆಯ ಹಾಗೆ ಕೆಳಗಿಳಿದು ಹರಡಿ ಇಡೀ ಲೋಟ ಮಬ್ಬಾಗುತ್ತದೆ. ದ್ರಾವಕದ ಮಾಲಾದರೆ ಎಣ್ಣೆ ಕಣ್ಣುಗಳಾಗಿ ಮೇಲೇ ತೇಲುತ್ತದೆ, ಚಮಚದಲ್ಲಿ ಎಷ್ಟು ತಿರುವಿದರೂ ಮತ್ತೆ ಮೇಲಕ್ಕೇ ಬರುತ್ತದೆ. ಇಷ್ಟು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ. ತೇಲುವ ಮಾಲನ್ನು ಗಾಡಿ ಒಳಗೆ ತರಲೇಬೇಡಿ.

ಹಾಗಂತ ದ್ರಾವಕದ್ದು ಪೂರ್ತಿ ಕೆಟ್ಟದ್ದು ಅಂತಲ್ಲ. ಟೈರಿಗೆ ಹಚ್ಚಿದರೆ ಅದು ಜಾಸ್ತಿ ಮಿಂಚುತ್ತದೆ, ಮಳೆಗೂ ಸ್ವಲ್ಪ ತಡೆದುಕೊಳ್ಳುತ್ತದೆ. ಗಾಡಿ ಮಾರುವವರಿಗೆ, ಮದುವೆ ಮೆರವಣಿಗೆಗೆ ಅಲಂಕಾರ ಮಾಡುವವರಿಗೆ ಅದೇ ಇಷ್ಟ. ಆದರೆ ದಿನಾ ಓಡಿಸುವ ಗಾಡಿಗೆ ಅದರ ತೊಂದರೆಗಳೇ ಹೆಚ್ಚು, ನೀವು ಬರೆದಿರುವ ಎರಡೂ ದೂರು ಅಲ್ಲಿಂದಲೇ ಬರುವಂಥವು. ಎಣ್ಣೆ ಪದರ ದಪ್ಪಗೆ, ಹಸಿಯಾಗಿ ಮೇಲೇ ಕೂತಿರುತ್ತದೆ. ಕೂತ ಕಡೆ ಧೂಳು ಹಿಡಿಯುತ್ತದೆ. ಚಕ್ರ ತಿರುಗಿದಾಗ ಬಾಗಿಲಿಗೂ ಮಡ್ಗಾರ್ಡಿಗೂ ಸಿಡಿಯುತ್ತದೆ. ವಾಟರ್ ಸರ್ವಿಸ್‌ನಲ್ಲಿ ಇನ್ನೂ ಒಂದು ನಡೆಯುತ್ತದೆ. ಸಾಲಿನಲ್ಲಿ ಇನ್ನೂ ನಾಲ್ಕು ಗಾಡಿ ಕಾಯುತ್ತಿರುತ್ತವೆ, ಹುಡುಗರಿಗೆ ಟೈಮ್ ಇರಲ್ಲ, ಒದ್ದೆ ಟೈರಿಗೇ ಬ್ರಶ್ ಅದ್ದಿ ಬಳಿದು ಕಳಿಸುತ್ತಾರೆ. ನೀರಿನ ಮೇಲೆ ಎಣ್ಣೆ ಅಂಟುವುದಾದರೂ ಹೇಗೆ? ಗೇಟು ದಾಟಿ ಮೇನ್ ರೋಡಿಗೆ ಬರುವಷ್ಟರಲ್ಲಿ ಅದು ನಿಮ್ಮ ಬಾಗಿಲ ಮೇಲೆ ಇರುತ್ತದೆ.

ಸಿಲಿಕೋನ್ ಅಂದ ತಕ್ಷಣ ಕೆಲವರು ಹೌಹಾರುತ್ತಾರೆ, ಅದು ಪ್ಲಾಸ್ಟಿಕ್ ಒಣಗಿಸುತ್ತದೆ, ಬಿರುಕು ಬಿಡಿಸುತ್ತದೆ ಅಂತ. ಸಿಲಿಕೋನ್ ಎಣ್ಣೆ ಅಷ್ಟು ಸುಲಭಕ್ಕೆ ಯಾವುದರ ಜೊತೆಗೂ ಸೇರಿ ಕೆಡಿಸುವ ವಸ್ತು ಅಲ್ಲ. ಕೆಡಿಸುವ ಸಾಧ್ಯತೆ ಜಾಸ್ತಿ ಇರುವುದು ಜೊತೆಗಿರುವ ಪೆಟ್ರೋಲಿಯಂ ದ್ರಾವಕಕ್ಕೆ. ಸಿಲಿಕೋನ್‌ಗೆ ನಿಜವಾದ ಶತ್ರು ಪೇಂಟರ್. ಗಾಡಿಗೆ ಎಲ್ಲಾದರೂ ಉಜ್ಜಿಕೊಂಡು ಟಿಂಕರಿಂಗ್, ಪೇಂಟ್ ಕೆಲಸಕ್ಕೆ ಬಿಟ್ಟರೆ, ಪ್ಯಾನೆಲ್ ಮೇಲೆ ಸಿಲಿಕೋನ್ ಉಳಿದಿದ್ದರೆ ಹೊಸ ಪೇಂಟ್ ಅಲ್ಲಲ್ಲಿ ಹಿಂದೆ ಸರಿದು ಚಿಕ್ಕ ಚಿಕ್ಕ ಗುಂಡು ಕುಳಿಗಳಾಗುತ್ತವೆ. ಅವರು ಅದನ್ನು ಫಿಶ್ ಐ ಅಂತಾರೆ. ಆದ್ದರಿಂದ ಪೇಂಟಿಗೆ ಬಿಡುವ ಮುಂಚೆ ಒಂದು ತಿಂಗಳು ಪಾಲಿಶ್ ಹಚ್ಚಬೇಡಿ, ಹಚ್ಚಿದ್ದರೆ ಅವರಿಗೆ ಹೇಳಿ.

ಈಗ ಡ್ಯಾಶ್‌ಬೋರ್ಡಿಗೆ ಬರೋಣ. ನಿಮ್ಮ ಡ್ಯಾಶ್‌ಬೋರ್ಡ್ ಮಂಕಾಗಿದೆ ಅಂದಿರಿ. ನನ್ನ ಊಹೆ, ಪ್ಲಾಸ್ಟಿಕ್ ಕೆಟ್ಟಿಲ್ಲ. ಹಳೇ ಪಾಲಿಶ್ ಪದರ, ಅದರ ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಪಾಲಿಶ್, ಹೀಗೆ ಪದರದ ಮೇಲೆ ಪದರ ಕೂತಿದೆ. ಕೊಳೆಯ ಮೇಲೆ 1,500 ರೂಪಾಯಿಯ ಬಾಟಲಿ ಸುರಿದರೂ ಅದು ಮಿಂಚುವ ಕೊಳೆ ಅಷ್ಟೇ. ಮೊದಲು ಮೆತ್ತನೆ ಬ್ರಶ್‌ನಲ್ಲಿ ಎಸಿ ಜಾಲರಿ, ಸಂದುಗಳ ಧೂಳು ಕೊಡವಿ. ಗೋಡೆಗೆ ಬಣ್ಣ ಹೊಡೆಯುವ ಒಂದಿಂಚಿನ ಹೊಸ ಬ್ರಶ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆಮೇಲೆ ಬಕೆಟ್ ನೀರಿಗೆ ಸ್ವಲ್ಪ ಕಾರ್ ಶಾಂಪೂ ಹಾಕಿ, ಮೈಕ್ರೋಫೈಬರ್ ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ ಒರೆಸಿ. ಬಟ್ಟೆಗೆ ಕಪ್ಪು ಬರುತ್ತಿರುವವರೆಗೂ ಒರೆಸಬೇಕು. ಕೊನೆಗೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ಇಷ್ಟಾದ ಮೇಲೆ ಅರ್ಧ ಜನಕ್ಕೆ ಪಾಲಿಶ್ ಬೇಡ ಅನ್ನಿಸುತ್ತದೆ, ಯಾಕೆಂದರೆ ಕಂಪನಿಯಿಂದ ಬಂದಾಗ ಡ್ಯಾಶ್‌ಬೋರ್ಡ್ ಇದ್ದದ್ದೇ ಹಾಗೆ, ಮಿಂಚಿಲ್ಲದೆ.

ಮಿಂಚಿಲ್ಲದೆ ಇರಲಿ ಅಂತ ಅವರು ಬೇಕೆಂದೇ ಮಾಡಿರುತ್ತಾರೆ. ಮಿಂಚುವ ಡ್ಯಾಶ್‌ಬೋರ್ಡ್ ಮಧ್ಯಾಹ್ನದ ಬಿಸಿಲಲ್ಲಿ ಮುಂದಿನ ಗಾಜಿನಲ್ಲಿ ಕನ್ನಡಿಯ ಹಾಗೆ ಕಾಣಿಸುತ್ತದೆ, ರಸ್ತೆಯ ಮೇಲೆ ಅದರ ನೆರಳು ಬಿದ್ದಂತಾಗುತ್ತದೆ, ಎದುರಿಗೆ ಬರುವ ಬೈಕ್ ಅರೆಕ್ಷಣ ಕಾಣಿಸಲ್ಲ. ಲಿಂಗಸುಗೂರು ಕಡೆ ಹಗಲು ಓಡಿಸುವಾಗ ನಿಮಗೇ ಅನುಭವ ಆಗಿರಬೇಕು. ಆದ್ದರಿಂದ ಒಳಗಡೆಗೆ ತಗೊಳ್ಳುವಾಗ ಬಾಟಲಿ ಮೇಲೆ ಮ್ಯಾಟ್, ಸ್ಯಾಟಿನ್ ಅಥವಾ ನ್ಯಾಚುರಲ್ ಫಿನಿಶ್ ಅಂತ ಇರುವುದನ್ನೇ ನೋಡಿ. ಹೈ ಗ್ಲಾಸ್ (high gloss, ಹೆಚ್ಚು ಮಿಂಚು) ಅಂತ ಇದ್ದರೆ ಕೆಳಗಿಡಿ.

ಒಂದೇ ಬಾಟಲಿಯಲ್ಲಿ ಎರಡೂ ಕೆಲಸ ಮಾಡುವ ಉಪಾಯ ಇಲ್ಲೇ ಇದೆ. ನೀರು ಬೆರೆತ ಡ್ರೆಸ್ಸಿಂಗ್‌ಗಳಲ್ಲಿ ಕೆಲವು ಗಟ್ಟಿ ಮಾಲಾಗಿ ಬರುತ್ತವೆ, ಮನೆಯಲ್ಲಿ ನೀರು ಸೇರಿಸಿ ತೆಳು ಮಾಡಿಕೊಳ್ಳಬಹುದು. ಮೆಗ್ವಾಯರ್ಸ್ ಕಂಪನಿಯ ಹೈಪರ್ ಡ್ರೆಸ್ಸಿಂಗ್ ಇದಕ್ಕೆ ಒಳ್ಳೇ ಉದಾಹರಣೆ: ಒಂದು ಪಾಲಿಗೆ ಒಂದು ಪಾಲು ನೀರು ಹಾಕಿದರೆ ಟೈರಿಗೆ ಒಳ್ಳೇ ಮಿಂಚು, ನಾಲ್ಕು ಪಾಲು ನೀರು ಹಾಕಿದರೆ ಒಳಗಡೆಗೆ ತಕ್ಕ ಮೆಲುವಾದ ಹೊಳಪು. ಅದನ್ನೇ ತಗೊಳ್ಳಿ ಅಂತ ನಾನು ಹೇಳುತ್ತಿಲ್ಲ, ದೊಡ್ಡ ಕ್ಯಾನಿನಲ್ಲಿ ಬರುವಂಥದ್ದು ಒಂದು ಕ್ವಿಡ್ಡಿಗೆ ಜಾಸ್ತಿಯೇ ಆಗುತ್ತದೆ. ಮೂರ್ನಾಲ್ಕು ಮನೆಯವರು ಹಂಚಿಕೊಳ್ಳುವುದಾದರೆ ಬೇರೆ ಮಾತು. 3ಎಂ, ವ್ಯಾಕ್ಸ್‌ಪೋಲ್, ವೇವೆಕ್ಸ್, ಟರ್ಟಲ್ ವ್ಯಾಕ್ಸ್ ಹೀಗೆ ನಮ್ಮಲ್ಲಿ ಸಿಗುವ ಹೆಸರುಗಳಲ್ಲಿ ಯಾವುದಾದರೂ ನಡೆಯುತ್ತದೆ. ಹೆಸರಿಗಿಂತ ಮುಖ್ಯ ಅದು ಲೋಟದ ನೀರಿನಲ್ಲಿ ಬೆರೆಯಬೇಕು, ಮಿಂಚು ಕಡಿಮೆ ಇರಬೇಕು.

ಹಚ್ಚುವ ಬಗೆ ಹೇಳುತ್ತೇನೆ. ನೇರವಾಗಿ ಡ್ಯಾಶ್‌ಬೋರ್ಡ್ ಮೇಲೆ ಸ್ಪ್ರೇ ಮಾಡಬೇಡಿ. ಹಾಗೆ ಮಾಡಿದರೆ ಏರ್‌ಬ್ಯಾಗ್ ಮುಚ್ಚಳದ ಸಂದಿಗೂ ಸ್ವಿಚ್‌ಗಳ ಸಂದಿಗೂ ಎಸಿ ಜಾಲರಿಗೂ ಹೋಗುತ್ತದೆ, ಮುಂದಿನ ಗಾಜಿಗೂ ಸಿಡಿಯುತ್ತದೆ. ಗಾಜಿನ ಮೇಲೆ ಕೂತ ಸಿಲಿಕೋನ್ ತೆಗೆಯುವುದು ದೊಡ್ಡ ರಗಳೆ. ಬಟ್ಟೆಗೆ ಎರಡು ಸಲ ಸ್ಪ್ರೇ ಮಾಡಿ, ಬಟ್ಟೆಯಿಂದ ತೆಳುವಾಗಿ ಹಚ್ಚಿ, ಐದು ನಿಮಿಷ ಬಿಟ್ಟು ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಬೆರಳು ಆಡಿಸಿದರೆ ಜಾರಬಾರದು, ಅಂಟಬಾರದು. ಸ್ಟೇರಿಂಗ್, ಗೇರ್ ಗುಬ್ಬಿ, ಹ್ಯಾಂಡ್‌ಬ್ರೇಕ್, ಪೆಡಲ್‌ಗಳಿಗೆ ಯಾವ ಕಾರಣಕ್ಕೂ ಹಚ್ಚಬೇಡಿ. ಬ್ರೇಕ್ ಪೆಡಲ್ ಮೇಲಿನ ರಬ್ಬರ್ ಕಪ್ಪಗೆ ಚೆಂದ ಕಾಣಲಿ ಅಂತ ಪಾಲಿಶ್ ಹಚ್ಚಿ, ಮಳೆಯಲ್ಲಿ ಒದ್ದೆ ಚಪ್ಪಲಿಯಲ್ಲಿ ತುಳಿದರೆ ಕಾಲು ಜಾರುತ್ತದೆ. ಇದು ಕೆಲವು ವಾಷಿಂಗ್ ಸೆಂಟರ್‌ಗಳಲ್ಲಿ ಸುಮ್ನೆ ಅಭ್ಯಾಸಬಲದಿಂದ ನಡೆಯುತ್ತದೆ, ಮೊದಲೇ ಬೇಡ ಅಂತ ಹೇಳಿಬಿಡಿ. ಟಚ್ ಸ್ಕ್ರೀನ್, ಮೀಟರ್ ಮೇಲಿನ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಒದ್ದೆ ಮೈಕ್ರೋಫೈಬರ್ ಸಾಕು.

ಸೀಟಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ನಮ್ಮಲ್ಲಿ ಲೆದರ್ ಸೀಟ್ ಕವರ್ ಅಂತ ಹಾಕಿಸಿಕೊಳ್ಳುವುದು ಬಹುಪಾಲು ರೆಕ್ಸಿನ್. ಅದಕ್ಕೆ ಲೆದರ್ ಕಂಡೀಷನರ್ ಹಚ್ಚಿದರೆ ಕುಡಿಯಲ್ಲ, ಮೇಲೇ ಜಿಡ್ಡಾಗಿ ನಿಲ್ಲುತ್ತದೆ. ಆ ದುಡ್ಡು ಉಳಿಸಿ. ಬೆವರಿನ ಉಪ್ಪು, ತಲೆ ಎಣ್ಣೆ ಒರೆಸಿ ತೆಗೆಯುವುದೇ ರೆಕ್ಸಿನ್‌ಗೆ ದೊಡ್ಡ ಸೇವೆ.

ಪಾಲಿಶ್‌ನಿಂದ ಬಿಸಿಲಿನ ರಕ್ಷಣೆ ಎಷ್ಟು ಸಿಗುತ್ತದೆ? ಲೇಬಲ್ ಮೇಲೆ ಯುವಿ ಪ್ರೊಟೆಕ್ಷನ್ ಅಂತ ಬರೆದಿರುತ್ತದೆ. ಒಳ್ಳೇ ಡ್ರೆಸ್ಸಿಂಗ್‌ಗಳಲ್ಲಿ ಅತಿನೇರಳೆ ಕಿರಣ ಹೀರುವ ಅಂಶ ಇರುವುದು ನಿಜ. ಆದರೆ ಪದರ ತುಂಬ ತೆಳು, ವಾರಗಳಲ್ಲಿ ಸವೆಯುತ್ತದೆ, 303 ಪ್ರೊಟೆಕ್ಟೆಂಟ್ ಅನ್ನುವ ಬ್ರ್ಯಾಂಡಿನ ಥರದ್ದನ್ನೂ ತಿಂಗಳು, ಒಂದೂವರೆ ತಿಂಗಳಿಗೆ ಮತ್ತೆ ಹಚ್ಚಬೇಕು. ಮುಂದಿನ ಗಾಜು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಮಾಡಿದ್ದು, ಅದೇ ಅತಿನೇರಳೆ ಕಿರಣದ ಬಹುಪಾಲನ್ನು ತಡೆಯುತ್ತದೆ. ಒಳಗಡೆ ಡ್ಯಾಶ್‌ಬೋರ್ಡನ್ನು ಹೆಚ್ಚು ಕಾಡುವುದು ಶಾಖ. ಅಮೆರಿಕದ ಅರಿಜೋನಾದಲ್ಲಿ ವಿಶ್ವವಿದ್ಯಾಲಯದವರು ಕಾರುಗಳನ್ನು ಬೇಸಿಗೆಯ ಬಿಸಿಲಲ್ಲಿ ನಿಲ್ಲಿಸಿ ಅಳೆದು 2018ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದು ಗಂಟೆಯಲ್ಲಿ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು, ಸ್ಟೇರಿಂಗ್ 53, ಸೀಟು 51. ಅಲ್ಲಿ ಹೊರಗೆ 38 ಡಿಗ್ರಿ ದಾಟಿದ್ದ ದಿನಗಳು ಅವು. ರಾಯಚೂರಿನ ಏಪ್ರಿಲ್, ಮೇ ಗೊತ್ತಲ್ಲ, ಅದಕ್ಕಿಂತ ಕಡಿಮೆ ಏನಿಲ್ಲ. ಇಷ್ಟು ಶಾಖಕ್ಕೆ ಯಾವ ಬಾಟಲಿಯೂ ಅಡ್ಡ ನಿಲ್ಲಲ್ಲ. ಗಾಜಿಗೆ ಒಳಗಿನಿಂದ ಹಿಡಿಸುವ ಬೆಳ್ಳಿ ಬಣ್ಣದ ಮಡಚುವ ಸನ್‌ಶೇಡ್ ತಗೊಳ್ಳಿ, ಅದು ಸುಮಾರು ಒಂದು ಬಾಟಲಿ ಪಾಲಿಶ್‌ನ ಬೆಲೆಗೇ ಸಿಗುತ್ತದೆ. ಎರಡರಲ್ಲಿ ಒಂದೇ ತಗೊಳ್ಳಲು ದುಡ್ಡಿದ್ದರೆ ನಾನು ಸನ್‌ಶೇಡ್ ಅಂತಲೇ ಹೇಳುತ್ತೇನೆ.

ಈಗ ಕೊಬ್ಬರಿ ಎಣ್ಣೆ. ಮಾವನವರಿಗೆ ಬೇಜಾರಾಗದ ಹಾಗೆ ನೀವೇ ಹೇಳಬೇಕು. ಹಚ್ಚಿದ ದಿನ ಚೆನ್ನಾಗಿ ಕಾಣುವುದು ನಿಜ. ಆದರೆ ಅದು ತಿನ್ನುವ ಎಣ್ಣೆ, ಶಾಖಕ್ಕೆ ಕಮಟು ಹಿಡಿದು ವಾಸನೆ ಬರುತ್ತದೆ, ಧೂಳು ಸೇರಿ ಅಂಟಾಗುತ್ತದೆ. 24 ಡಿಗ್ರಿ ಆಸುಪಾಸಿಗೆ ಇಳಿದರೆ ಹೆಪ್ಪುಗಟ್ಟುವ ಎಣ್ಣೆ ಅದು, ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುವುದನ್ನು ಎಲ್ಲರೂ ನೋಡಿರುತ್ತೇವೆ. ಡ್ಯಾಶ್‌ಬೋರ್ಡಿನ ಗೆರೆ ಗೆರೆ ವಿನ್ಯಾಸದೊಳಗೆ ಅದು ಬೆಳ್ಳಗೆ ಕೂತರೆ ಹಲ್ಲುಜ್ಜುವ ಬ್ರಶ್ ಹಿಡಿದು ಕೆರೆಯಬೇಕಾಗುತ್ತದೆ. ವ್ಯಾಸಲಿನ್ ಹಚ್ಚಿದರೂ ಕಥೆ ಇದೇ, ಡ್ಯಾಶ್‌ಬೋರ್ಡ್ ಶಾಖಕ್ಕೆ ಕರಗಿ ಹರಿಯುತ್ತದೆ.

ಡೀಸೆಲ್, ಸೀಮೆಎಣ್ಣೆ, ಹಳೇ ಇಂಜಿನ್ ಆಯಿಲ್ ಇನ್ನೂ ಕೆಟ್ಟವು. ಇವು ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸುತ್ತವೆ, ಮೆತ್ತಗಾಗಿಸುತ್ತವೆ. ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಇಪಿಡಿಎಂ ಅನ್ನುವ ಜಾತಿಯದ್ದು. ಅದು ಬಿಸಿಲು, ಮಳೆ ಎಲ್ಲ ತಡೆಯುತ್ತದೆ, ಪೆಟ್ರೋಲಿಯಂ ಎಣ್ಣೆ ಮಾತ್ರ ತಡೆಯಲ್ಲ. ಬೀಡಿಂಗ್‌ಗೆ ನಿಮ್ಮ ಬಿಳಿ ಡ್ರೆಸ್ಸಿಂಗನ್ನೇ ಬಟ್ಟೆಯಲ್ಲಿ ತೆಳುವಾಗಿ ಒರೆಸಿ, ಬಾಗಿಲು ತೆಗೆಯುವಾಗ ಕಿರ್ ಅನ್ನುವುದೂ ನಿಲ್ಲುತ್ತದೆ.

ಟೈರ್ ಯಾಕೆ ಕಂದಾಗುತ್ತದೆ ಅನ್ನುವುದು ಗೊತ್ತಿದ್ದರೆ ಮುಂದಿನದ್ದು ಸುಲಭ. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಸೀಳುತ್ತದೆ. ಅದನ್ನು ತಡೆಯಲು ಟೈರ್ ತಯಾರಿಸುವಾಗಲೇ ಒಂದಿಷ್ಟು ಮೇಣ, ಓಝೋನ್ ತಡೆಯುವ ರಾಸಾಯನಿಕ ಸೇರಿಸಿರುತ್ತಾರೆ. ಗಾಡಿ ಓಡುವಾಗ ಟೈರಿನ ಪಕ್ಕೆ ಬಾಗಿ ಬಳುಕಿ, ಆ ರಾಸಾಯನಿಕ ಒಳಗಿನಿಂದ ನಿಧಾನವಾಗಿ ಮೇಲಕ್ಕೆ ಬರುತ್ತದೆ. ಮೇಲೆ ಬಂದು ಗಾಳಿ ತಾಗಿದ ಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅಂದರೆ ಆ ಕಂದು ಬಣ್ಣ ರೋಗ ಅಲ್ಲ, ಮದ್ದು ಕೆಲಸ ಮಾಡಿದ ಗುರುತು. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ ಗಾಡಿಯ ಟೈರ್ ಬೇಗ ಬಿರುಕು ಬಿಡುವುದಕ್ಕೂ ಇದೇ ಒಂದು ಕಾರಣ, ಬಳುಕು ಇಲ್ಲದೆ ಆ ಮದ್ದು ಮೇಲಕ್ಕೆ ಬರುವುದು ಕಡಿಮೆ. ಸೀಮೆಎಣ್ಣೆ ಹಾಕಿ ಉಜ್ಜಿದರೆ ಈ ಮದ್ದನ್ನೇ ತೊಳೆದು ಹಾಕಿದ ಹಾಗೆ.

ಕಂದು ಚೆಂದ ಕಾಣಲ್ಲ, ಅದು ಒಪ್ಪಿದೆ. ತೆಗೆಯೋಣ. ಟೈರ್ ತಣ್ಣಗಿರುವಾಗ, ಬೆಳಿಗ್ಗೆ, ನೀರು ಹೊಡೆದು ಆಲ್ ಪರ್ಪಸ್ ಕ್ಲೀನರ್ ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಗಟ್ಟಿ ಬ್ರಶ್‌ನಲ್ಲಿ ಉಜ್ಜಿ. ಬಟ್ಟೆ ಒಗೆಯುವ ಬ್ರಶ್ ಸಾಕು. ನೊರೆಯ ಬಣ್ಣ ನೋಡುತ್ತಿರಿ. ಮೊದಲ ಸಲ ಟೀ ಡಿಕಾಕ್ಷನ್ ಬಣ್ಣದ ನೊರೆ ಬರುತ್ತದೆ. ತೊಳೆದು ಮತ್ತೆ ಉಜ್ಜಿ, ಸ್ವಲ್ಪ ತಿಳಿಯಾಗುತ್ತದೆ. ಇನ್ನೊಂದು ಸಲ. ನೊರೆ ಬೆಳ್ಳಗೇ ಉಳಿದಾಗ ನಿಲ್ಲಿಸಿ. ನಿಮ್ಮ ಟೈರಿನ ಮೇಲೆ ಹಳೇ ಎಣ್ಣೆ ಪಾಲಿಶ್ ಇರುವುದರಿಂದ ಮೊದಲ ಸಲ ಕೈ ನೋಯುವಷ್ಟು ಕೆಲಸ ಇರುತ್ತದೆ, ಆಮೇಲೆ ಅಷ್ಟಿರಲ್ಲ. ಪೂರ್ತಿ ಒಣಗಲು ಬಿಡಿ, ಅವಸರ ಇದ್ದರೆ ಹಳೇ ಟವೆಲ್‌ನಲ್ಲಿ ಒರೆಸಿ.

ಪಾತ್ರೆ ಉಜ್ಜುವ ಸ್ಪಾಂಜನ್ನು ಎರಡು ತುಂಡು ಮಾಡಿ ಮೆತ್ತನೆ ಬದಿಯಲ್ಲಿ ಡ್ರೆಸ್ಸಿಂಗ್ ಹಾಕಿಕೊಂಡು ಟೈರಿನ ಪಕ್ಕೆಗೆ ಮಾತ್ರ ಹಚ್ಚಿ. ಟೈರಿನ ಅಕ್ಷರಗಳ ಸುತ್ತ ಬಿಳಿಯಾಗಿ ನಿಂತರೆ ಒತ್ತಿ ಹರಡಿ. ರಸ್ತೆಗೆ ತಾಗುವ ಭಾಗಕ್ಕೆ ಹೋಗಬಾರದು, ಬ್ರೇಕ್ ಡಿಸ್ಕ್ ಕಡೆಗೂ ಸಿಡಿಯಬಾರದು. ಹದಿನೈದು, ಇಪ್ಪತ್ತು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಆ ಕೊನೆಯ ಒರೆಸುವಿಕೆಯನ್ನೇ ಎಲ್ಲರೂ ಬಿಡುತ್ತಾರೆ, ಹನಿ ಸಿಡಿಯುವುದು ಅದಕ್ಕೇ. ಬೆರಳು ಮುಟ್ಟಿಸಿದರೆ ಏನೂ ಹತ್ತದಿದ್ದರೆ ಗಾಡಿ ತೆಗೆಯಬಹುದು. ಹೆಚ್ಚು ಕಪ್ಪು ಬೇಕಿದ್ದರೆ ದಪ್ಪಗೆ ಒಂದು ಸಲ ಹಚ್ಚುವ ಬದಲು ತೆಳುವಾಗಿ ಎರಡು ಸಲ ಹಚ್ಚಿ. ಮಳೆಯಿಲ್ಲದಿದ್ದರೆ ಎರಡು ವಾರದ ಹತ್ತಿರ ಬರುತ್ತದೆ, ಜೋರು ಮಳೆ ಬಂದರೆ ಹೋಯಿತು. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೈರ್ ಪಾಲಿಶ್‌ಗೆ ದುಡ್ಡು ಹಾಕುವುದು ದಂಡ, ಮಂಗಳೂರು, ಶಿವಮೊಗ್ಗ ಕಡೆಯವರಿಗಂತೂ ಇನ್ನೂ.

ಮನೆಯಲ್ಲಿ ಸ್ಕೂಟರ್, ಬೈಕ್ ಇದ್ದರೆ ಅದರ ಟೈರಿಗೆ ಮಾತ್ರ ಯಾವ ಪಾಲಿಶ್ಶೂ ಬೇಡ. ತಿರುವಿನಲ್ಲಿ ಬೈಕ್ ವಾಲುತ್ತದೆ, ಟೈರಿನ ಅಂಚು ರಸ್ತೆಗೆ ತಾಗುತ್ತದೆ. ಅಲ್ಲಿ ಸಿಲಿಕೋನ್ ಇದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಬೈಕ್ ಸೀಟಿಗೂ ಬೇಡ.

ಉಜ್ಜುವಾಗ ಟೈರಿನ ವಯಸ್ಸನ್ನೂ ನೋಡಿಬಿಡಿ. ಡಿಓಟಿ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2318 ಅಂತಿದ್ದರೆ 2018ರ 23ನೇ ವಾರ ತಯಾರಾದದ್ದು ಅಂತ ಅರ್ಥ. ಕೆಲವು ಟೈರಿನಲ್ಲಿ ಇದು ಒಳಬದಿಗೆ ಮಾತ್ರ ಇರುತ್ತದೆ, ಬಗ್ಗಿ ನೋಡಬೇಕು. ನಿಮ್ಮ ಗಾಡಿಯಲ್ಲಿ ಇನ್ನೂ ಕಂಪನಿ ಟೈರುಗಳೇ ಇದ್ದರೆ, ಬಟನ್ (ರಸ್ತೆಗೆ ತಾಗುವ ಕಡೆಯ ಗಟ್ಟಿ ರಬ್ಬರ್ ಹಲ್ಲು) ಎಷ್ಟು ಉಳಿದಿದ್ದರೂ, ಟೈರ್ ಅಂಗಡಿಯವರಿಗೆ ತೋರಿಸಿ. ಪಕ್ಕೆಯಲ್ಲಿ ಉಗುರು ಸಿಕ್ಕುವಷ್ಟು ಬಿರುಕಿದ್ದರೆ ಪಾಲಿಶ್ ಅದನ್ನು ಮುಚ್ಚಿಡುತ್ತದೆ, ಸರಿ ಮಾಡಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ಟೈರ್ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ನಾನು ಮೊದಲು ಒದ್ದೆ ಬಟ್ಟೆ ಕೇಳುತ್ತೇನೆ.

ಉಳಿದದ್ದು ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್. ಮೂರರಲ್ಲಿ ಕಷ್ಟದ್ದು ಇದೇ, ಕ್ವಿಡ್‌ನಲ್ಲಿ ಇದು ಎದ್ದು ಕಾಣುವ ಭಾಗ ಬೇರೆ. ಪಾಲಿಪ್ರೊಪಿಲೀನ್ ಅನ್ನುವ ಜಾತಿಯ, ಪೇಂಟ್ ಮಾಡದ ಪ್ಲಾಸ್ಟಿಕ್ ಅದು. ಗಾಜಿನ ಮರೆಯೂ ಇಲ್ಲ, ನೇರ ಬಿಸಿಲು. ವರ್ಷಗಟ್ಟಲೆ ಬಿಸಿಲು ಕುಡಿದು ಮೇಲ್ಪದರ ಒಡೆದು ಸೂಕ್ಷ್ಮವಾಗಿ ತರಿ ತರಿ ಆಗುತ್ತದೆ. ಬೆಳಕು ಆ ತರಿಯ ಮೇಲೆ ಬಿದ್ದು ಚದುರುತ್ತದೆ, ಕಣ್ಣಿಗೆ ಬೂದಿ ಬಣ್ಣ ಕಾಣುತ್ತದೆ.

ಒಂದು ಪರೀಕ್ಷೆ ಮಾಡಿ. ಚೆನ್ನಾಗಿ ತೊಳೆದು ಒಣಗಿದ ಮೇಲೆ ಒಂದು ಕಡೆ ಅಂಗೈಯಷ್ಟು ಜಾಗಕ್ಕೆ ನೀರು ಸವರಿ. ನೀರು ಇರುವಷ್ಟು ಹೊತ್ತು ಅಲ್ಲಿ ಕಪ್ಪಾಗಿ, ಹೊಸದರ ಹಾಗೆ ಕಂಡರೆ ಸಂತೋಷ: ನೀರು ಆ ತರಿಗಳನ್ನು ತುಂಬಿತು, ಬೆಳಕು ಚದುರುವುದು ನಿಂತಿತು. ಡ್ರೆಸ್ಸಿಂಗ್ ಮಾಡುವುದೂ ಇಷ್ಟನ್ನೇ, ನೀರಿನಷ್ಟು ಬೇಗ ಆರುವುದಿಲ್ಲ ಅಷ್ಟೇ ವ್ಯತ್ಯಾಸ. ನೀರು ಹಾಕಿದರೂ ಬೆಳ್ಳಗೇ ಉಳಿದರೆ ಎರಡರಲ್ಲಿ ಒಂದು. ಗಾಡಿಗೆ ವ್ಯಾಕ್ಸ್ ಹಾಕುವಾಗ ಪ್ಲಾಸ್ಟಿಕ್ಕಿಗೆ ತಾಗಿ ಒಣಗಿದ ಕಲೆ ಇರಬಹುದು. ಅದನ್ನು ಹಲ್ಲುಜ್ಜುವ ಬ್ರಶ್, ಆಲ್ ಪರ್ಪಸ್ ಕ್ಲೀನರ್ ಹಾಕಿ ಉಜ್ಜಿದರೆ, ಹಟ ಮಾಡಿದರೆ ಮಕ್ಕಳ ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ತಿಕ್ಕಿದರೆ ಹೋಗುತ್ತದೆ. ಇಲ್ಲವಾದರೆ ಪ್ಲಾಸ್ಟಿಕ್ಕೇ ಪೂರ್ತಿ ಸುಟ್ಟಿದೆ, ಅದಕ್ಕೆ ಡ್ರೆಸ್ಸಿಂಗ್ ಉಪಯೋಗ ಇಲ್ಲ.

ಪರೀಕ್ಷೆಯಲ್ಲಿ ಪಾಸಾದರೆ ನಿಮಗೆ ಎರಡು ದಾರಿ. ಅಗ್ಗದ ದಾರಿ ಅಂದರೆ ಅದೇ ಬಿಳಿ ಡ್ರೆಸ್ಸಿಂಗ್, ಪ್ರತಿ ಸಲ ತೊಳೆದಾಗಲೂ ಟೈರಿಗೆ ಹಚ್ಚಿ ಉಳಿದದ್ದನ್ನು ಪ್ಲಾಸ್ಟಿಕ್ಕಿಗೆ ಒರೆಸುವುದು. ಖರ್ಚು ಗೊತ್ತಾಗುವುದೇ ಇಲ್ಲ, ಆದರೆ ಬಿಡದೆ ಮಾಡುತ್ತಿರಬೇಕು. ಇನ್ನೊಂದು, ಟ್ರಿಮ್ ಕೋಟಿಂಗ್ ಅಂತ ಚಿಕ್ಕ ಬಾಟಲಿಯಲ್ಲಿ, 30 ಅಥವಾ 50 ಮಿಲಿ ಅಳತೆಯಲ್ಲಿ ಬರುವಂಥದ್ದು. ಸೆರಾಮಿಕ್ ಟ್ರಿಮ್ ಕೋಟಿಂಗ್ ಅಂತಲೂ ಬರೆದಿರುತ್ತಾರೆ. ಇದು ಎಣ್ಣೆಯ ಹಾಗೆ ಹಸಿಯಾಗಿ ಕೂರುವುದಿಲ್ಲ, ಒಣಗಿ ಗಟ್ಟಿ ಪದರವಾಗುತ್ತದೆ. ಸರಿಯಾಗಿ ಹಚ್ಚಿದರೆ ತಿಂಗಳುಗಟ್ಟಲೆ ಇರುತ್ತದೆ. ಬಾಟಲಿ ನೋಡಿದರೆ ದುಬಾರಿ ಅನ್ನಿಸಬಹುದು, ಆದರೆ ನಿಮ್ಮ ಕ್ವಿಡ್‌ನ ನಾಲ್ಕೂ ಚಕ್ರದ ಮೇಲಿನ ಪಟ್ಟಿಗೆ ಹನಿ ಹನಿ ಲೆಕ್ಕದಲ್ಲಿ ಸಾಕಾಗುತ್ತದೆ. ನಿಮ್ಮ ಲೆಕ್ಕದ 1,500 ರೂಪಾಯಿಯನ್ನು ಟೈರ್ ಶೈನ್‌ಗೆ ಹಾಕುವ ಬದಲು ಇಲ್ಲಿ ಹಾಕಿದರೆ ದುಡ್ಡಿಗೆ ಬೆಲೆ ಬರುತ್ತದೆ.

ಆದರೆ ಕೋಟಿಂಗ್‌ಗೆ ತಯಾರಿ ಮುಖ್ಯ. ಹಳೇ ಸಿಲಿಕೋನ್ ಎಣ್ಣೆ ಒಂದಿಷ್ಟು ಉಳಿದಿದ್ದರೂ ಹಿಡಿಯಲ್ಲ, ಎರಡು ಮಳೆಗೆ ಪಟ್ಟೆ ಪಟ್ಟೆಯಾಗಿ ಹೋಗುತ್ತದೆ. ಕ್ಲೀನರ್ ಹಾಕಿ ಎರಡು ಮೂರು ಸಲ ಬ್ರಶ್ ಮಾಡಿ, ತೊಳೆದು, ಒಣಗಿಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಪಕ್ಕದ ಪೇಂಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳಿ, ಕೈಗೆ ಗ್ಲೌಸ್ ಹಾಕಿ. ನೆರಳಲ್ಲಿ, ಪ್ಲಾಸ್ಟಿಕ್ ತಣ್ಣಗಿರುವಾಗ ಹಚ್ಚಬೇಕು, ನಿಮಗೆ ಮನೆ ಹತ್ತಿರ ನೆರಳಿಲ್ಲ ಅಂದರೆ ಸಂಜೆ ಶುರು ಮಾಡಿ. ಆಮೇಲೆ ಒಂದು ದಿನ ನೀರು ತಾಗಬಾರದು. ನವೆಂಬರ್‌ನಿಂದ ಫೆಬ್ರುವರಿ ಇದಕ್ಕೆ ಒಳ್ಳೇ ಕಾಲ.

ಯೂಟ್ಯೂಬ್‌ನಲ್ಲಿ ಹೀಟ್ ಗನ್ (ಸುಡುವ ಗಾಳಿ ಊದುವ ಯಂತ್ರ) ಹಿಡಿದು ಬೂದಿ ಪ್ಲಾಸ್ಟಿಕ್ಕನ್ನು ಕ್ಷಣದಲ್ಲಿ ಕಪ್ಪು ಮಾಡುವುದನ್ನು ನೋಡಿರುತ್ತೀರಿ. ಅದು ಸುಳ್ಳಲ್ಲ, ಮೇಲ್ಪದರ ಸ್ವಲ್ಪ ಕರಗಿ ತರಿ ಮುಚ್ಚಿಕೊಳ್ಳುತ್ತದೆ. ಆದರೆ ಕೆಲವು ತಿಂಗಳಿಗೆ ಮತ್ತೆ ಬೂದಿ, ಮತ್ತೆ ಮತ್ತೆ ಮಾಡುವ ಹಾಗಿಲ್ಲ, ಒಂದು ಕ್ಷಣ ಜಾಸ್ತಿ ಹಿಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಪಕ್ಕದ ಪೇಂಟ್ ಬೊಬ್ಬೆ ಬರುತ್ತದೆ. ಬೂಟ್ ಪಾಲಿಶ್ ಹಚ್ಚುವವರೂ ಇದ್ದಾರೆ, ಡಿಕ್ಕಿಯಿಂದ ಸಾಮಾನು ಇಳಿಸುವಾಗ ಸೀರೆ, ಪ್ಯಾಂಟಿಗೆ ಹತ್ತುತ್ತದೆ. ಪೂರ್ತಿ ಸುಟ್ಟಿರುವ ತುಂಡಿದ್ದರೆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಆ ಒಂದು ತುಂಡಿನ ಬೆಲೆ ಕೇಳಿ ನೋಡಿ. ಎಷ್ಟೋ ಸಲ ಮೂರು ನಾಲ್ಕು ಬಾಟಲಿ ಕೊಂಡು ಹೋರಾಡುವುದಕ್ಕಿಂತ ಅದೇ ಅಗ್ಗ. ಬೆಂಗಳೂರಿಗೆ ಬರುವುದಿದ್ದರೆ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿನಲ್ಲೂ ವಿಚಾರಿಸಬಹುದು.

ಖರ್ಚಿನ ಲೆಕ್ಕ ಹೀಗೆ ಹಾಕಿ. 500 ಮಿಲಿ ಬಾಟಲಿಗೆ 400 ರೂಪಾಯಿ ಅಂತಿಟ್ಟುಕೊಳ್ಳಿ. ನಾಲ್ಕು ಟೈರು, ಡ್ಯಾಶ್‌ಬೋರ್ಡ್ ಸೇರಿ ಒಂದು ಸಲಕ್ಕೆ 30 ಮಿಲಿ ಹೋದರೆ ಹದಿನಾರು ಸಲ ಬರುತ್ತದೆ, ಸಲಕ್ಕೆ 25 ರೂಪಾಯಿ. 150 ರೂಪಾಯಿಯ ಬಾಟಲಿ 100 ಮಿಲಿ ಇದ್ದರೆ ಮೂರು ಸಲಕ್ಕೆ ಖಾಲಿ, ಸಲಕ್ಕೆ 50. ಅಂಗಡಿಯಲ್ಲಿ ಬೆಲೆ ನೋಡುವ ಮುಂಚೆ ಮಿಲಿ ನೋಡಿ. ಲೇಬಲ್ಲೇ ಇಲ್ಲದ ಬಿಡಿ ಕ್ಯಾನಿನ ಮಾಲು ಇನ್ನೂ ಅಗ್ಗಕ್ಕೆ ಸಿಗುತ್ತದೆ, ಟೈರಿಗೆ ಹಚ್ಚಬಹುದು, ಆದರೆ ಲೋಟದ ಪರೀಕ್ಷೆ ಮಾಡದೆ ಗಾಡಿಯೊಳಗೆ ಬೇಡ. ಬಟ್ಟೆಗೆ ಮಾತ್ರ ಜಿಪುಣತನ ಮಾಡಬೇಡಿ, ನಾಲ್ಕು ಒಳ್ಳೇ ಮೈಕ್ರೋಫೈಬರ್ ತಗೊಳ್ಳಿ, ಟೈರಿನ ಬಟ್ಟೆಯನ್ನು ಒಳಗಡೆಗೆ ಬಳಸಬೇಡಿ.

ವಾಟರ್ ಸರ್ವಿಸ್‌ಗೆ ಬಿಡುವಾಗ ಪಾಲಿಶ್ ಬೇಡ, ಬರೀ ವಾಶ್ ಮತ್ತು ವ್ಯಾಕ್ಯೂಮ್ ಸಾಕು ಅಂತ ಹೇಳಿ, ಮನೆಗೆ ಬಂದು ನೀವೇ ಹಚ್ಚಿ. ಇನ್ನು ಗ್ಯಾಸ್ ತುಂಬಿದ ಸ್ಪ್ರೇ ಕ್ಯಾನ್ ತಗೊಂಡಿದ್ದರೆ ಅದನ್ನು ಡಿಕ್ಕಿಯಲ್ಲೋ ಡ್ಯಾಶ್‌ಬೋರ್ಡ್ ಖಾನೆಯಲ್ಲೋ ಬಿಡಬೇಡಿ. 50 ಡಿಗ್ರಿ ಮೀರಿದ ಕಡೆ ಇಡಬಾರದು ಅಂತ ಅದರ ಮೇಲೇ ಬರೆದಿರುತ್ತದೆ, ನಿಮ್ಮ ಮನೆ ಮುಂದೆ ನಿಂತ ಗಾಡಿಯೊಳಗೆ ಏಪ್ರಿಲ್ ಮಧ್ಯಾಹ್ನ ಅಷ್ಟು ಆಗಿಯೇ ಆಗುತ್ತದೆ.